ಪದಚರ್ಚೆ: ಬ್ರೇಕ್ ‘ಫೇಡ್’ ಆಯಿತು ಅನ್ನುವುದಕ್ಕೆ ಕನ್ನಡದಲ್ಲಿ ಏನು?

ಪ್ರಶ್ನೆ

ನಮಸ್ಕಾರ. ದಿನಬಳಕೆಯ ಕಾರನ್ನು ಮೊದಲ ಸಲ ಟ್ರ್ಯಾಕ್ ಡೇಗೆ (ಸ್ವಂತ ಕಾರನ್ನು ರೇಸ್ ಟ್ರ್ಯಾಕಿನಲ್ಲಿ ಓಡಿಸುವ ದಿನ) ಒಯ್ಯುವವರಿಗಾಗಿ ಎರಡು ಪುಟದ ಕನ್ನಡ ಕೈಪಿಡಿ ತಯಾರಾಗುತ್ತಿದೆ. ಓದುಗರು ಹೆಚ್ಚಾಗಿ ಬೆಂಗಳೂರಿನಿಂದ ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈ ಟ್ರ್ಯಾಕಿಗೋ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೋ ಹೋಗುವವರು. ಕಾರುಗಳು ಹೆಚ್ಚಾಗಿ ಪೋಲೊ, ಸ್ವಿಫ್ಟ್ ತರಹದವು, ಮುಂದೆ ಡಿಸ್ಕ್, ಹಿಂದೆ ಡ್ರಮ್. ಬ್ರೇಕಿನ ಪುಟದಲ್ಲಿ ನಾಲ್ಕು ಪದಗಳು ತಕರಾರು ಮಾಡುತ್ತಿವೆ.

ಮೊದಲನೆಯದು ಫೇಡ್, ಅಂದರೆ ಬ್ರೇಕ್ ಕಾದು ಕೆಲಸ ಕೊಡದಿರುವುದು. ನಿಘಂಟು ಮಸುಕಾಗು, ಬಾಡು, ಕುಂದು ಎನ್ನುತ್ತದೆ. ‘ಬ್ರೇಕ್ ಬಾಡಿತು’ ಎಂದರೆ ನಗು ಬರುತ್ತದೆ. ಎರಡನೆಯದು ಹೊಸ ಪ್ಯಾಡನ್ನು (ಡಿಸ್ಕನ್ನು ಅದುಮಿ ಹಿಡಿಯುವ ಭಾಗ) ಬೆಡ್ ಮಾಡುವುದು, ಅಂದರೆ ಬಳಕೆಗೆ ಹದ ಮಾಡುವುದು. ಕರಡಿನಲ್ಲಿ ‘ಪ್ಯಾಡ್ ಹಾಸುವುದು’ ಎಂದು ಬಂದಿದೆ, ಅದು ಹಾಸಿಗೆಯ ಮಾತಾಯಿತು. ಮೂರು, ಬ್ರೇಕ್ ಆಯಿಲ್ ಅನ್ನಬೇಕೇ ಬ್ರೇಕ್ ದ್ರವ ಅನ್ನಬೇಕೇ? ನಾಲ್ಕು, ಗ್ಯಾರೇಜಿನವರು ಹೇಳುವ ‘ಡಿಸ್ಕ್ ಬೆಂಡ್’ ಸರಿಯೇ? ಪದದ ಜೊತೆ ವಿಷಯವನ್ನೂ ತಿದ್ದಿಕೊಟ್ಟರೆ ಉಪಕಾರ.

ಉತ್ತರ

ಫೇಡ್‌ಗೆ ಒಂದು ಪದ ಹುಡುಕುವುದನ್ನು ಬಿಡಿ. ಆ ಒಂದು ಪದದೊಳಗೆ ಎರಡು ಬೇರೆ ಬೇರೆ ತೊಂದರೆಗಳು ಸೇರಿಕೊಂಡಿವೆ, ನಮ್ಮ ಗ್ಯಾರೇಜಿನ ಕನ್ನಡ ಅವನ್ನು ಆಗಲೇ ಬೇರೆ ಮಾಡಿಟ್ಟಿದೆ. ಗಿರಾಕಿ ಬಂದು ‘ಬ್ರೇಕ್ ಹಿಡೀತಿಲ್ಲ’ ಅಂದರೆ ಒಂದು ಅರ್ಥ, ‘ಪೆಡಲ್ ಒಳಕ್ಕೆ ಹೋಗ್ತಿದೆ’ ಅಂದರೆ ಇನ್ನೊಂದು. ಟ್ರ್ಯಾಕ್‌ನಲ್ಲೂ ಅದೇ ಎರಡು.

ಹಿಡಿಯದೇ ಇರುವುದು ಪ್ಯಾಡಿನ ತೊಂದರೆ. ಪೆಡಲ್ ಕಲ್ಲಿನ ಹಾಗೆ ಗಟ್ಟಿಯಾಗಿಯೇ ಇರುತ್ತದೆ, ಎಷ್ಟು ತುಳಿದರೂ ವೇಗ ಮಾತ್ರ ಇಳಿಯುವುದಿಲ್ಲ. ಪ್ಯಾಡಿನ ಪುಡಿಯನ್ನು ಅಂಟಿಸಿ ಹಿಡಿದಿರುವ ರಾಳ ಅತಿಯಾಗಿ ಕಾದಾಗ ಅನಿಲ ಬಿಡುತ್ತದೆ, ಡಿಸ್ಕಿಗೂ ಪ್ಯಾಡಿಗೂ ನಡುವಿನ ಘರ್ಷಣೆ ಕುಸಿಯುತ್ತದೆ. ಪೇಟೆ ಓಡಾಟಕ್ಕೆಂದು ಮಾಡಿದ ಮಾಮೂಲಿ ಪ್ಯಾಡುಗಳು ಸುಮಾರು 300–350 ಡಿಗ್ರಿ ದಾಟಿದರೆ ಈ ಹಂತಕ್ಕೆ ಬರುತ್ತವೆ. ಆರಿದ ಮೇಲೆ ಬಹುಪಾಲು ಮತ್ತೆ ಹಿಡಿಯುತ್ತವೆ. ಇದಕ್ಕೆ ‘ಸೋಲು’ ಎಂಬ ಕ್ರಿಯಾಪದ ಚೆನ್ನಾಗಿ ಒಗ್ಗುತ್ತದೆ. ಬೆಟ್ಟ ಹತ್ತಿದರೆ ಕಾಲು ಸೋಲುತ್ತದೆ, ಕೂತು ದಣಿವಾರಿಸಿಕೊಂಡರೆ ಮತ್ತೆ ನಡೆಯುತ್ತದೆ. ಮುರಿದಿಲ್ಲ, ಸೋತಿದೆ ಅಷ್ಟೆ. ‘ಪ್ಯಾಡ್ ಸೋತಿದೆ’ ಎಂದು ಬರೆಯಿರಿ. ‘ಬ್ರೇಕ್ ಫೇಲ್’ ಬೇಡ. ಪೇಪರಿನ ಅಪಘಾತ ಸುದ್ದಿಗಳಲ್ಲಿ ಅದು ಎಲ್ಲಕ್ಕೂ ಬಳಕೆಯಾಗಿ ಅರ್ಥವನ್ನೇ ಕಳೆದುಕೊಂಡಿದೆ.

ಪೆಡಲ್ ಒಳಕ್ಕೆ ಹೋಗುವುದು ಬ್ರೇಕ್ ಆಯಿಲ್ ಕುದಿದಾಗ. ಪ್ಯಾಡಿನ ಬಿಸಿ ಪಿಸ್ಟನ್ನಿಗೆ ದಾಟಿ, ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರಿನೊಳಗಿನ ಆಯಿಲಿನಲ್ಲಿ ಆವಿಯ ಗುಳ್ಳೆ ಏಳುತ್ತದೆ. ದ್ರವ ಕುಗ್ಗುವುದಿಲ್ಲ, ಆವಿ ಕುಗ್ಗುತ್ತದೆ. ನೀವು ತುಳಿದದ್ದು ಗುಳ್ಳೆ ಅದುಮುವುದರಲ್ಲೇ ಮುಗಿದುಹೋಗುತ್ತದೆ. ಎರಡು ಮೂರು ಸಲ ಪಂಪ್ ಮಾಡಿದರೆ ಪೆಡಲ್ ಸ್ವಲ್ಪ ಮೇಲೆ ಬರುತ್ತದೆ, ಪತ್ತೆಗೆ ಅದೇ ಗುರುತು. ಇದಕ್ಕೆ ಹೊಸ ಪದವೇ ಬೇಡ, ‘ಆಯಿಲ್ ಕುದಿದಿದೆ’ ಸಾಕು.

ಎರಡನ್ನೂ ಬೇರೆ ಹೇಳಲೇಬೇಕು, ಯಾಕೆಂದರೆ ಮದ್ದು ಬೇರೆ. ಸೋತದ್ದಕ್ಕೆ ಪ್ಯಾಡ್ ಬದಲಿಸಬೇಕು, ಕುದಿದದ್ದಕ್ಕೆ ಆಯಿಲ್. ಒಂದೇ ಪದ ಕಲಿತವನು ದುಬಾರಿ ಪ್ಯಾಡ್ ಹಾಕಿಸಿ ಮೂರು ವರ್ಷದ ಹಳೇ ಆಯಿಲಿನಲ್ಲೇ ಟ್ರ್ಯಾಕಿಗೆ ಇಳಿಯುತ್ತಾನೆ. ಅದು ಇನ್ನೂ ಅಪಾಯ: ಒಳ್ಳೆಯ ಪ್ಯಾಡ್ ಹೆಚ್ಚು ಬಿಸಿ ತಡೆದುಕೊಂಡು ಹಿಡಿಯುತ್ತಲೇ ಇರುತ್ತದೆ, ಆ ಬಿಸಿಯೆಲ್ಲ ಆಯಿಲಿಗೆ ಹೋಗುತ್ತದೆ. ಸೋಲುವ ಪ್ಯಾಡ್ ಮೊದಲೇ ಸೂಚನೆ ಕೊಡುತ್ತದೆ, ಕುದಿದ ಆಯಿಲ್ ಕೊಡುವುದಿಲ್ಲ. ಹಾಗಾಗಿ ದುಡ್ಡು ಒಂದಕ್ಕೇ ಇದ್ದರೆ ಮೊದಲು ಆಯಿಲ್.

ಬಿಸಿ ಎಷ್ಟು ಎಂಬುದಕ್ಕೆ ಕೈಪಿಡಿಯಲ್ಲಿ ಒಂದು ಲೆಕ್ಕ ಇರಲಿ. ಗಂಟೆಗೆ 140 ಕಿಮೀಯಿಂದ 60ಕ್ಕೆ ಇಳಿಸುವ ಒಂದು ಬ್ರೇಕ್, ಊರೊಳಗೆ 60ರಿಂದ ಪೂರ್ತಿ ನಿಲ್ಲಿಸುವ ನಾಲ್ಕೂವರೆ ಬ್ರೇಕಿಗೆ ಸಮ. ಶಕ್ತಿ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತದೆ. ಚಾಲಕ ಸೇರಿ 1200 ಕಿಲೋದ ಕಾರಿನಲ್ಲಿ ಅದು ಸುಮಾರು 740 ಕಿಲೋಜೌಲ್. ಮುಕ್ಕಾಲು ಪಾಲಿನಷ್ಟು ಮುಂದಿನ ಎರಡು ಡಿಸ್ಕಿಗೇ. ಐದು ಕಿಲೋ ತೂಗುವ ಡಿಸ್ಕ್ ಆ ಒಂದೇ ತುಳಿತಕ್ಕೆ ಅಂದಾಜು ನೂರು ಡಿಗ್ರಿ ಏರುತ್ತದೆ, ಪೂರ್ತಿ ಆರುವ ಮುಂಚೆ ಮುಂದಿನ ತಿರುವು ಬಂದಿರುತ್ತದೆ. ಇರುಂಗಾಟ್ಟುಕೋಟ್ಟೈಯ ಪೂರ್ಣ ಸುತ್ತು ಸುಮಾರು 3.7 ಕಿಮೀ; ನಾಲ್ಕೈದು ಸುತ್ತಿನಲ್ಲಿ ಮಾಮೂಲಿ ಪ್ಯಾಡಿನ ಮಿತಿ ತಲುಪುವುದು ಕಷ್ಟವೇನಲ್ಲ.

ಇನ್ನು ಆಯಿಲ್/ದ್ರವದ ಜಗಳ. ಬ್ರೇಕ್ ಆಯಿಲ್ ಎಂದೇ ಬರೆಯಿರಿ, ಅಂಗಡಿಯಲ್ಲಿ ‘ಬ್ರೇಕ್ ದ್ರವ ಕೊಡಿ’ ಅಂದರೆ ಮುಖ ನೋಡುತ್ತಾರೆ. ಆದರೆ ಮೊದಲ ಸಲ ಬಳಸಿದಲ್ಲೇ ಒಂದು ವಾಕ್ಯ ಸೇರಿಸಿ: ಹೆಸರು ಆಯಿಲ್, ಪದಾರ್ಥ ಎಣ್ಣೆಯಲ್ಲ. ಅದು ಗ್ಲೈಕಾಲ್. ಹೆಸರು ನಂಬಿ ಇಂಜಿನ್ ಆಯಿಲನ್ನೋ ಬೇರೆ ಖನಿಜ ತೈಲವನ್ನೋ ಒಂದಿಷ್ಟು ಹಾಕಿದರೂ ಒಳಗಿನ ರಬ್ಬರ್ ಸೀಲುಗಳು ಊದಿಕೊಂಡು, ಪೆಡಲ್ ತುಳಿದಾಗ ಆಯಿಲನ್ನು ತಳ್ಳುವ ಮಾಸ್ಟರ್ ಸಿಲಿಂಡರಿನಿಂದ ಕ್ಯಾಲಿಪರ್‌ವರೆಗೆ ಎಲ್ಲ ಹಾಳು. ಕ್ಯಾಲಿಪರಿನ ಜಾರುಪಿನ್ನಿಗೆ ಮಾಮೂಲಿ ಗ್ರೀಸ್ ಬೇಡ, ಬ್ರೇಕಿಗೆಂದೇ ಬರುವ ಸಿಲಿಕೋನ್ ಗ್ರೀಸ್ ಹಚ್ಚಬೇಕು ಅನ್ನುವುದೂ ಇದೇ ಕಾರಣಕ್ಕೆ. ಬ್ರೇಕ್ ಆಯಿಲ್ ಪೇಂಟಿನ ಮೇಲೆ ಬಿದ್ದರೆ ತಕ್ಷಣ ನೀರು ಸುರಿಯಿರಿ, ಒರೆಸಿದರೆ ಬಣ್ಣವೂ ಬಟ್ಟೆಗೆ ಬರುತ್ತದೆ.

ಪಠ್ಯಪುಸ್ತಕದ ‘ಆರ್ದ್ರಾಕರ್ಷಕ’ ಇಲ್ಲಿ ಬೇಡ, ‘ತೇವ ಹೀರುವ’ ಅನ್ನಿ. ಆ ತೇವದಿಂದಲೇ ಕುದಿಬಿಂದು ಬೀಳುವುದು. ಡಾಟ್ 3, 4, 5.1 ದರ್ಜೆಗಳಿಗೆ ಹೊಸದಿರುವಾಗ ಕನಿಷ್ಠ 205, 230, 260 ಡಿಗ್ರಿ ಇರಬೇಕು. ಸುಮಾರು 3.7 ಶೇಕಡಾ ನೀರು ಸೇರಿದ ಮೇಲೆ ಅವೇ 140, 155, 180. ಹಳೇ ಡಾಟ್ 4ಕ್ಕೂ ಹೊಸ ಡಾಟ್ 4ಕ್ಕೂ 75 ಡಿಗ್ರಿ ಅಂತರ, ಡಬ್ಬಿಯ ಮೇಲೆ ಎರಡೂ ಒಂದೇ ಹೆಸರು. ಟ್ರ್ಯಾಕಿಗೆ ಹೆಸರಾದ ಮೋಟುಲ್ ಆರ್‌ಬಿಎಫ್ 600ರ ಕುದಿಬಿಂದು ಹೊಸದಿರುವಾಗ 312. ಮೊದಲ ಟ್ರ್ಯಾಕ್ ಡೇಗೆ ಹೊಸದಾಗಿ ಸೀಲ್ ಒಡೆದ ಒಳ್ಳೆಯ ಡಾಟ್ 4 ಕೂಡ ನಡೆಯುತ್ತದೆ, ಹಳೇ ಆಯಿಲ್ ಮಾತ್ರ ಯಾವುದೂ ನಡೆಯುವುದಿಲ್ಲ. ಡಾಟ್ 5 ಎಂಬುದು ಸಿಲಿಕೋನ್, ಬೇರೆ ಜಾತಿ, 5.1 ಎಂದು ತಿಳಿದು ಬೆರೆಸಬೇಡಿ.

ಏರ್ ತೆಗೆಯುವ, ಅಂದರೆ ಹಳೇ ಆಯಿಲನ್ನೂ ಒಳಗಿನ ಗಾಳಿಯನ್ನೂ ಹೊರಹಾಕುವ ಭಾಗದಲ್ಲಿ ಕೈಪಿಡಿ ಪದಗಳ ವಿಷಯದಲ್ಲಿ ನಿಜಕ್ಕೂ ಹುಷಾರಾಗಿರಬೇಕು. ಒಬ್ಬ ಕಾರಿನೊಳಗೆ ಪೆಡಲಿನ ಮೇಲೆ, ಇನ್ನೊಬ್ಬ ಚಕ್ರದ ಹತ್ತಿರ ನಿಪ್ಪಲ್ (ಆಯಿಲ್ ಹೊರಬಿಡುವ ಪುಟ್ಟ ತಿರುಪು) ಮೇಲೆ ರಿಂಗ್ ಸ್ಪ್ಯಾನರ್ ಇಟ್ಟುಕೊಂಡು. ಕೆಳಗಿನವನು ‘ಬಿಡು’ ಅಂದ. ಪೆಡಲ್ ಬಿಡಬೇಕೋ, ಆಯಿಲ್ ಬಿಡುತ್ತಿದ್ದಾನೋ? ನಿಪ್ಪಲ್ ತೆರೆದಿರುವಾಗ ಮೇಲಿನವನು ಕಾಲು ಎತ್ತಿದರೆ ಅಲ್ಲಿಂದಲೇ ಗಾಳಿ ಒಳಕ್ಕೆ ಎಳೆದುಕೊಳ್ಳುತ್ತದೆ, ಅರ್ಧ ಗಂಟೆಯ ಕೆಲಸ ವ್ಯರ್ಥ. ಆದ್ದರಿಂದ ‘ಬಿಡು’ ಪದವನ್ನೇ ನಿಷೇಧಿಸಿ ನಾಲ್ಕು ಕೂಗು ಗೊತ್ತುಮಾಡಿ: ‘ಒತ್ತಿ ಹಿಡಿ’, ‘ತೆರೆದೆ’, ‘ಮುಚ್ಚಿದೆ’, ‘ಕಾಲೆತ್ತು’. ತೆರೆಯುವುದು ಕಾಲು ಸುತ್ತು ಮಾತ್ರ. ‘ಮುಚ್ಚಿದೆ’ ಕೇಳುವ ತನಕ ಕಾಲು ಎತ್ತುವಂತಿಲ್ಲ. ನಿಪ್ಪಲಿಗೆ ತೂರಿಸುವ ಪಾರದರ್ಶಕ ಟ್ಯೂಬಿನ ಇನ್ನೊಂದು ತುದಿ ಬಾಟಲಿಯಲ್ಲಿರುವ ಸ್ವಲ್ಪ ಆಯಿಲಿನಲ್ಲಿ ಮುಳುಗಿರಲಿ. ಡಿಕಾಕ್ಷನ್ ಬಣ್ಣ ಹೋಗಿ ತಿಳಿ ಹೊಂಬಣ್ಣ ಬರಬೇಕು, ಗುಳ್ಳೆ ನಿಲ್ಲಬೇಕು.

ನಮ್ಮ ಬಲಗೈ ಸ್ಟಿಯರಿಂಗಿನ ಕಾರುಗಳಲ್ಲಿ ಮಾಸ್ಟರ್ ಸಿಲಿಂಡರ್ ಸಾಮಾನ್ಯವಾಗಿ ಬಲಕ್ಕಿರುವುದರಿಂದ ದೂರದ ಚಕ್ರದಿಂದ ಶುರು: ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಮುಂದಿನ ಬಲ. ಕಂಪನಿಯ ಮ್ಯಾನುಯಲ್ ಬೇರೆ ಕ್ರಮ ಹೇಳಿದರೆ ಅದೇ ಕೊನೆ ಮಾತು. ಹಳೇ ಕಾರಿನಲ್ಲಿ ಪೆಡಲ್ ನೆಲಕ್ಕೆ ತಾಕುವಷ್ಟು ತುಳಿಯಬೇಡಿ, ಅಡಿಗೆ ಒಂದು ಮರದ ತುಂಡು ಇಡಿ. ಮಾಸ್ಟರ್ ಸಿಲಿಂಡರಿನ ಸೀಲು ಎಂದೂ ಹೋಗದ ತುಕ್ಕಿನ ಜಾಗಕ್ಕೆ ಉಜ್ಜಿ ಹರಿಯಬಹುದು. ಕಾರಿನ ಆಯಿಲ್ ಡಬ್ಬಿಯ ಮಟ್ಟ ಮಿನ್ ಗೆರೆಗಿಂತ ಇಳಿಯಬಾರದು. ಒಂದು ಲೀಟರ್ ತಂದುಕೊಳ್ಳಿ, ಅರ್ಧ ಲೀಟರ್ ಪೂರ್ತಿ ಬದಲಾವಣೆಗೆ ಬಿಗಿಯಾಗುತ್ತದೆ. ಸೀಲ್ ಒಡೆದು ಉಳಿದದ್ದನ್ನು ಮುಂದಿನ ವರ್ಷಕ್ಕೆ ಎತ್ತಿಡಬೇಡಿ.

ಬೆಡ್ಡಿಂಗ್‌ಗೆ ಕನ್ನಡದಲ್ಲಿ ಸಿದ್ಧ ಪದ ಅಡುಗೆಮನೆಯಲ್ಲೇ ಇದೆ: ಪಳಗಿಸುವುದು. ಹೊಸ ಕಬ್ಬಿಣದ ಕಾವಲಿಯನ್ನು ಪಳಗಿಸದೆ ದೋಸೆ ಹೊಯ್ದರೆ ಏನಾಗುತ್ತದೋ ಹೊಸ ಪ್ಯಾಡಿಗೂ ಹಾಗೇ. ಡಿಸ್ಕೂ ಎರಕದ ಕಬ್ಬಿಣವೇ. ಹದವಾಗಿ ಕಾಯಿಸುತ್ತಾ ಆರಿಸುತ್ತಾ ಹೋದರೆ ಪ್ಯಾಡಿನ ತೆಳು ಪದರ ಡಿಸ್ಕಿನ ಮೇಲೆ ಸಮನಾಗಿ ಕೂರುತ್ತದೆ. ಹೋಲಿಕೆ ಒಂದು ಕಡೆ ತಿರುಗುಮುರುಗು: ಕಾವಲಿಯ ಪದರ ಅಂಟದಿರಲು, ಡಿಸ್ಕಿನ ಪದರ ಹಿಡಿಯಲು. ಕ್ರಮ ಹೀಗೆ: 60ರಿಂದ 10ಕ್ಕೆ ನಾಲ್ಕೈದು ಸಲ ಮೆಲ್ಲಗೆ, ಆಮೇಲೆ 100ರಿಂದ 20ಕ್ಕೆ ಎಂಟು ಹತ್ತು ಸಲ ಸ್ವಲ್ಪ ಗಟ್ಟಿಯಾಗಿ, ಎಬಿಎಸ್ ಕುಟುಕುವಷ್ಟಲ್ಲ. ಒಮ್ಮೆಯೂ ಪೂರ್ತಿ ನಿಲ್ಲಿಸಬಾರದು. ಕೊನೆಗೆ ಐದು ಹತ್ತು ನಿಮಿಷ ಬ್ರೇಕ್ ಮುಟ್ಟದೆ ಓಡಿಸಿ. ಪ್ಯಾಡಿನ ಕಂಪನಿ ಬೇರೆ ಕ್ರಮ ಕೊಟ್ಟಿದ್ದರೆ ಅದನ್ನೇ ಪಾಲಿಸಿ. ಜನರಿರುವ ರಸ್ತೆಯಲ್ಲಿ ಇದನ್ನು ಮಾಡುವುದು ತಪ್ಪು; ಜಾಗ ಸಿಗದಿದ್ದರೆ ಟ್ರ್ಯಾಕಿನ ಮೊದಲ ಸರದಿಯನ್ನೇ ಇದಕ್ಕೆ ಮೀಸಲಿಡಿ.

ನಾಲ್ಕನೆಯದು ಇಲ್ಲಿಂದಲೇ ಬರುತ್ತದೆ. ಕಾದ ಡಿಸ್ಕಿನ ಮೇಲೆ ಪ್ಯಾಡ್ ಒತ್ತಿ ನಿಂತರೆ ಆ ಜಾಗದಲ್ಲಿ ದಪ್ಪಗೆ ಮೆತ್ತಿಕೊಳ್ಳುತ್ತದೆ. ಡಿಸ್ಕಿನ ಸುತ್ತಳತೆಯಲ್ಲಿ 0.02 ಮಿಮೀ ದಪ್ಪ ವ್ಯತ್ಯಾಸ ಸಾಕು, ಸ್ಟಿಯರಿಂಗ್ ಕುಣಿಯುತ್ತದೆ. ಗ್ಯಾರೇಜಿನವರು ಇದನ್ನು ‘ಡಿಸ್ಕ್ ಬೆಂಡ್’ ಎಂದು ಮೇಲ್ಮೈ ಕೆರೆಸಲು ಲೇತಿಗೆ ಕಳಿಸುತ್ತಾರೆ. ಬಹಳ ಸಲ ಬೆಂಡ್ ಆಗಿರುವುದೇ ಇಲ್ಲ. ಕೈಪಿಡಿಯಲ್ಲಿ ‘ಡಿಸ್ಕ್ ಮೇಲೆ ಪ್ಯಾಡ್ ಮೆತ್ತಿದೆ’ ಎಂದಿರಲಿ. ಮತ್ತೆ ಪಳಗಿಸಿದರೆ ಎಷ್ಟೋ ಸಲ ಹೋಗುತ್ತದೆ. ಲೇತಿಗೆ ಕೊಡುವುದೇ ಆದರೆ ಮೊದಲು ದಪ್ಪ ಅಳೆಯಿರಿ. ಕನಿಷ್ಠ ದಪ್ಪ ಡಿಸ್ಕಿನ ಅಂಚಿನಲ್ಲೋ ನಡುವಿನ ಬಟ್ಟಲಿನ ಮೇಲೋ ಅಚ್ಚಾಗಿರುತ್ತದೆ. ಹೊಸದರಲ್ಲಿ 22 ಮಿಮೀ ಇದ್ದು ಕನಿಷ್ಠ 19 ಎಂದಿರುವ ಡಿಸ್ಕ್ ಈಗ 19.5ಕ್ಕೆ ಬಂದಿದ್ದರೆ ಲೇತೂ ಬೇಡ ಟ್ರ್ಯಾಕೂ ಬೇಡ. ಪ್ಯಾಡ್ ಕನಿಷ್ಠ 6 ಮಿಮೀ ಉಳಿದಿರಲಿ, ಹಿಂದಿನ ಲೋಹದ ತಗಡು ಬಿಟ್ಟು. ಪ್ಯಾಡ್ ತೆಳ್ಳಗಾದಷ್ಟೂ ಬಿಸಿ ಬೇಗ ಆಯಿಲಿಗೆ ಮುಟ್ಟುತ್ತದೆ.

ಇನ್ನೊಬ್ಬರು

ಮೇಲಿನವರು ಹೇಳಿದ್ದಕ್ಕೆ ಒಂದು ತಿದ್ದುಪಡಿ. ಪೆಡಲ್ ಒಳಕ್ಕೆ ಹೋಯಿತೆಂದರೆ ಆಯಿಲ್ ಕುದಿದಿದೆ ಎಂದೇ ಅಲ್ಲ. ಹಿಂದಿನ ಡ್ರಮ್ ಕಾದು ಹಿಗ್ಗಿದರೆ, ಅದರ ಒಳಗೋಡೆಗೆ ಒತ್ತುವ ಶೂ ಇನ್ನಷ್ಟು ದೂರ ಸರಿದು ಮುಟ್ಟಬೇಕಾಗುತ್ತದೆ, ಆಗಲೂ ಪೆಡಲ್ ಇಳಿಯುತ್ತದೆ. ಮುಂದೆ ಡಿಸ್ಕಿರುವ ಕಾರಿನಲ್ಲಿ ಇದರ ಪಾಲು ಕಡಿಮೆ ನಿಜ, ಆದರೆ ಶೂ ಮೇಲಿನ ಲೈನರ್ ಸವೆದು ಅಡ್ಜಸ್ಟ್ ಮಾಡದೆ ಬಿಟ್ಟ ಕಾರಿನಲ್ಲಿ ಗೊತ್ತಾಗುವಷ್ಟು ಇರುತ್ತದೆ. ಡ್ರಮ್ ಬಿಚ್ಚಿಸಿ ಲೈನರ್ ನೋಡಿ, ಶೂಗಳನ್ನು ತಳ್ಳುವ ವೀಲ್ ಸಿಲಿಂಡರಿನ ರಬ್ಬರ್ ಮುಸುಕನ್ನು ಸ್ವಲ್ಪ ಎತ್ತಿ ತೇವ ಇದೆಯೇ ನೋಡಿ. ‘ಡ್ರಮ್ ಹಿಗ್ಗಿದೆ’ ಎಂದು ಮೂರನೆಯ ಮಾತನ್ನೂ ಸೇರಿಸಿ.

‘ಸೋಲು’ ಒಪ್ಪಿಗೆ. ಬ್ರೇಕಿಗೆ ಎತ್ತಿನಗಾಡಿಯ ‘ಬಿರಿ’ ಬಳಸೋಣ ಎಂದು ಯಾರಾದರೂ ಹೇಳುವ ಮುಂಚೆಯೇ ಹೇಳಿಬಿಡುತ್ತೇನೆ, ಪದ ಚೆಂದವಿದೆ, ಆದರೆ ಪಿಟ್‌ನಲ್ಲಿ (ಟ್ರ್ಯಾಕ್ ಪಕ್ಕ ಕಾರು ನಿಲ್ಲಿಸುವ ಜಾಗ) ನಿಂತು ಕೂಗಿದರೆ ಯಾರಿಗೂ ತಿಳಿಯುವುದಿಲ್ಲ.

ಮರುಪ್ರಶ್ನೆ

ಇಬ್ಬರಿಗೂ ಧನ್ಯವಾದ. ಕೂಲ್ ಡೌನ್ ಲ್ಯಾಪ್‌ಗೆ ‘ಆರಿಸುವ ಸುತ್ತು’ ಎಂದಿದ್ದೇವೆ, ಸರಿಯೇ?

ಉತ್ತರ

ಚುನಾವಣೆಯ ಸುತ್ತು ಅನ್ನಿಸುತ್ತದೆ. ಕಾಫಿ ಆರುತ್ತದೆ, ಬ್ರೇಕೂ ಆರುತ್ತದೆ, ಆದರೆ ‘ಆರಿಸು’ ಎಂದೊಡನೆ ಆಯ್ಕೆಯ ಅರ್ಥ ಮುಂದೆ ಬರುತ್ತದೆ. ‘ತಣಿಸುವ ಸುತ್ತು’ ಅನ್ನಿ. ಹೊಸಬರಿಗೆ ಮೂರು ನಾಲ್ಕು ಬಿರುಸಿನ ಸುತ್ತಿಗೆ ಒಂದು ತಣಿಸುವ ಸುತ್ತು, ಒಳಬರುವ ಮುಂಚೆ ಪೂರ್ತಿ ಒಂದು: ಎತ್ತರದ ಗೇರಿನಲ್ಲಿ, ಬ್ರೇಕ್ ಆದಷ್ಟೂ ಮುಟ್ಟದೆ. ಇದನ್ನು ಬಿಟ್ಟು ನೇರ ಪಿಟ್‌ಗೆ ಬಂದು ನಿಂತರೆ ಗಾಳಿ ಆಡುವುದಿಲ್ಲ, ಡಿಸ್ಕಿನ ಬಿಸಿ ನಿಂತಲ್ಲೇ ಕ್ಯಾಲಿಪರಿಗೆ ಹತ್ತುತ್ತದೆ. ಟ್ರ್ಯಾಕಿನಲ್ಲಿ ಕುದಿಯದ ಆಯಿಲ್ ಪಾರ್ಕಿಂಗಿನಲ್ಲಿ ಕುದಿಯುವುದು ಹೀಗೆ. ಮುಂದಿನ ಸರದಿಗೆ ಹೊರಡುವ ಮುಂಚೆ ನಿಂತಲ್ಲೇ ಪೆಡಲ್ ಒತ್ತಿ ನೋಡಿ, ಮೆತ್ತಗಿದ್ದರೆ ಮತ್ತೆ ಏರ್ ತೆಗೆಯದೆ ಹೊರಡಬೇಡಿ.

ಇನ್ನೊಂದು. ಕರಡಿನಲ್ಲಿ ‘ನಿಲ್ಲಿಸಿದ ಮೇಲೆ ಬ್ರೇಕ್ ಹಾಕಬೇಡಿ’ ಎಂದಿದೆಯಂತೆ. ಓದುಗ ಕಾಲಿನ ಬ್ರೇಕ್ ಎಂದುಕೊಂಡು ಹ್ಯಾಂಡ್ ಬ್ರೇಕ್ ಎಳೆಯುತ್ತಾನೆ. ಕಾದ ಡ್ರಮ್ ಆರುತ್ತಾ ಕುಗ್ಗಿ ಶೂವನ್ನು ಕಚ್ಚಿಕೊಳ್ಳಬಹುದು. ‘ಹ್ಯಾಂಡ್ ಬ್ರೇಕ್ ಎಳೆಯಬೇಡಿ, ಪೆಡಲಿನ ಮೇಲೂ ಕಾಲಿಡಬೇಡಿ, ಗೇರಿನಲ್ಲಿ ಬಿಟ್ಟು ಚಕ್ರಕ್ಕೆ ಅಡ್ಡ ಕಲ್ಲು ಕೊಡಿ’ ಎಂದು ಬಿಡಿಸಿ ಬರೆಯಿರಿ.