ಮನೆಮಂದಿ ಗುಂಪಿನಲ್ಲಿ ತಂಪು ಪುಡಿಯ ಜಗಳ

ಶ್ರೀಧರ ಮಾವ: (ಫಾರ್ವರ್ಡ್) "ಕೊತ್ತಂಬರಿ ಬೀಜ, ಸೋಂಪು, ಲಾವಂಚ, ಜ್ಯೇಷ್ಠಮಧು ಸಮ ಸಮ ಪುಡಿ ಮಾಡಿ ದಿನಾ ಮೂರು ಚಮಚ. ಸನ್‌ಸ್ಟ್ರೋಕ್ ಹತ್ತಿರವೂ ಸುಳಿಯುವುದಿಲ್ಲ!!" ಮೇ ತಿಂಗಳಲ್ಲಿ ಕಲಬುರಗಿ ಮದುವೆಗೆ ಬರುವವರೆಲ್ಲ ಈಗಲೇ ಶುರು ಮಾಡಿ 🙏

ವಿನಯ: ಮಾವ, ಸನ್‌ಸ್ಟ್ರೋಕ್ ಅಂದರೆ ಬರೀ ಬಾಯಾರಿಕೆ ಅಲ್ಲ. ಮೈ ಶಾಖ 40 ಡಿಗ್ರಿ ದಾಟಿ, ಮಾತು ತಡವರಿಸಿ, ಎಚ್ಚರ ತಪ್ಪುತ್ತದೆ. ಆಗ ನೆರಳಿಗೆ ಒಯ್ದು, ಮೈಮೇಲೆ ನೀರು ಸುರಿದು, ಗಾಳಿ ಬೀಸುತ್ತಾ 108ಕ್ಕೆ ಫೋನ್ ಮಾಡಬೇಕು. ಪುಡಿ ನಂಬಿ ಬಿಸಿಲಲ್ಲಿ ನಿಂತರೆ ಕಷ್ಟ.

ಶ್ರೀಧರ ಮಾವ: ಓದಿದವರಿಗೆ ಆಯುರ್ವೇದ ಕಂಡರೆ ಆಗುವುದಿಲ್ಲ, ಗೊತ್ತು.

ಸುಮಾ ಅತ್ತೆ: ಈ ಪುಡಿಗೆ ಆಯುರ್ವೇದದ ಹೆಸರು ಹಚ್ಚಬೇಡ ಶ್ರೀಧರ. ಅಲ್ಲಿರುವುದು ಧಾನ್ಯಕ ಹಿಮ. ಜಜ್ಜಿದ ಕೊತ್ತಂಬರಿ ಬೀಜ ಒಂದು ಪಾಲು, ತಣ್ಣೀರು ಆರು ಪಾಲು. ರಾತ್ರಿ ನೆನೆಸಿ, ಬೆಳಿಗ್ಗೆ ಸೋಸಿ, ಸಕ್ಕರೆ ಹಾಕಿ ಕುಡಿಯುವುದು. ಬಾಯಾರಿಕೆಗೆ, ಒಳಗಿನ ಉರಿಗೆ. ಇಡೀ ಊರಿಗೆ ಒಂದೇ ಪುಡಿ ಅಂತ ಯಾವ ಒಳ್ಳೆ ವೈದ್ಯರೂ ಕೊಡುವುದಿಲ್ಲ. ನೀನು ತಂಪು ಅಂತ ಬಟ್ಟಲುಗಟ್ಟಲೆ ಮೊಸರು ತಿನ್ನುತ್ತೀಯಲ್ಲ, ಬೇಸಿಗೆಗೆ ಅದು ಒಳ್ಳೆಯದಲ್ಲ ಅಂತ ಚರಕ ಸಂಹಿತೆಯಲ್ಲೇ ಇದೆ.

ಪ್ರಕಾಶ: ಮೊಸರಿಗೂ ಕುತ್ತು ಬಂತಾ 😂 ನಾವು ಮಂಗಳೂರಿನವರು ಪುನರ್ಪುಳಿ ಶರಬತ್ತಿನಲ್ಲೇ ಸುಖವಾಗಿದ್ದೇವೆ.

ವಿನಯ: ನನಗೆ ಭಯ ಇರುವುದು ಜ್ಯೇಷ್ಠಮಧುವಿನದು. ಕೆಮ್ಮಿಗೆ ಒಂದು ಚೂರು ಅಗಿದರೆ ಪರವಾಗಿಲ್ಲ. ದಿನಾ ಜಾಸ್ತಿ ತಿಂದರೆ ಮೈಯಲ್ಲಿ ಉಪ್ಪು, ನೀರು ಉಳಿದು ಬಿಪಿ ಏರುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ. ಈ ಗುಂಪಿನಲ್ಲಿ ಬಿಪಿ ಮಾತ್ರೆ ತಗೊಳ್ಳುವವರು ಎಷ್ಟು ಜನ ಇದ್ದೀರಿ? ಮಾವ, ನೀವೂ ಸೇರಿ.

ಶ್ರೀಧರ ಮಾವ: ಗಿಡಮೂಲಿಕೆಗೆ ಸೈಡ್ ಎಫೆಕ್ಟ್ ಇಲ್ಲ.

ಸುಮಾ ಅತ್ತೆ: ದತ್ತೂರಿಯೂ ಗಿಡವೇ.

ರೇಖಾ: ಕಲಬುರಗಿಯಲ್ಲಿ ಇರುವವಳು ನಾನು, ನನ್ನನ್ನೂ ಕೇಳಿ. ಮಡಕೆ ನೀರಿಗೆ ಲಾವಂಚದ ಬೇರು ಹಾಕುತ್ತೇವೆ. ಕಿಟಕಿಗೆ ಲಾವಂಚದ ತಟ್ಟಿ ಕಟ್ಟಿ ನೀರು ಚಿಮುಕಿಸುತ್ತೇವೆ. ಇಲ್ಲಿ ಗಾಳಿ ಒಣ, ನೀರು ಬೇಗ ಆರುತ್ತದೆ, ಕೋಣೆ ತಣ್ಣಗಾಗುತ್ತದೆ. (ಪ್ರಕಾಶ, ನಿಮ್ಮ ಜಿಗುಟು ಸೆಕೆಗೆ ಅದು ನಡೆಯುವುದಿಲ್ಲ.) ಆದರೂ ಮಧ್ಯಾಹ್ನ ಯಾರೂ ಸುಮ್ನೆ ಹೊರಗೆ ಬೀಳುವುದಿಲ್ಲ. ಏಪ್ರಿಲ್, ಮೇನಲ್ಲಿ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ಕ್ಕೆ ತೆರೆದು 1.30ಕ್ಕೆ ಮುಚ್ಚುತ್ತವೆ. ಅಂಥದ್ದರಲ್ಲಿ ಮೆರವಣಿಗೆಯನ್ನು 12 ಗಂಟೆಗೆ ಇಟ್ಟ ಪುಣ್ಯಾತ್ಮ ಯಾರು?

ಶ್ರೀಧರ ಮಾವ: ನಾನೇ. ಮುಹೂರ್ತ ಮುಗಿಯುವುದೇ ಆಗ.

ರೇಖಾ: ಮುಹೂರ್ತ ಇರಲಿ, ಮೆರವಣಿಗೆಗೂ ಪಂಚಾಂಗ ಇದೆಯಾ? ಸಂಜೆ 6ರ ಮೇಲೆ ಮಾಡಿ. ಕೋಟು ಹಾಕಿಕೊಂಡು ಬ್ಯಾಂಡ್ ಬಾರಿಸುವವರೂ ಮನುಷ್ಯರೇ ಅಲ್ವಾ.

ವಿನಯ: 👍 ಬಾಗಿಲಲ್ಲಿ ಓಆರ್‌ಎಸ್ ಕೂಡ ಇಡೋಣ. ದೊಡ್ಡ ಪೊಟ್ಟಣ ಒಂದಕ್ಕೆ ನೀರು ಸರಿಯಾಗಿ ಒಂದು ಲೀಟರ್. ಬೆವರಿನಲ್ಲಿ ಉಪ್ಪೂ ಹೋಗುತ್ತದೆ, ಬರೀ ಕೊತ್ತಂಬರಿ ನೀರು ಅದನ್ನು ತುಂಬುವುದಿಲ್ಲ.

ಶ್ರೀಧರ ಮಾವ: ಬ್ಯಾಂಡಿನವರ ಹತ್ತಿರ ಮಾತಾಡುತ್ತೇನೆ. ಕೊತ್ತಂಬರಿ ನೀರು ಮಾತ್ರ ಇರಲೇಬೇಕು.

ಸುಮಾ ಅತ್ತೆ: ಹಿಂದಿನ ರಾತ್ರಿ ನಾನೇ ನೆನೆಸುತ್ತೇನೆ. ನೀನು ಆ ಪುಡಿ ಡಬ್ಬಿ ಹಿಡಿದುಕೊಂಡು ಬರಬೇಡ.