ಎಸ್‌ಟಿಎಂ32ಎಫ್103 ಬೋರ್ಡ್: ಪ್ರೋಗ್ರಾಂ ಹಾಕಿದ ನಂತರ ಡಿಬಗರ್ ಸಂಪರ್ಕ ಸಿಗುತ್ತಿಲ್ಲ

ಪ್ರಶ್ನೆ

ಎಸ್‌ಟಿಎಂ32ಎಫ್103 ಮೈಕ್ರೋಕಂಟ್ರೋಲರ್ ಚಿಪ್ ಇರುವ ಡೆವಲಪ್‌ಮೆಂಟ್ ಬೋರ್ಡಿಗೆ ಹೊಸ ಪ್ರೋಗ್ರಾಂ ಹಾಕಿದ್ದೇನೆ. ಬರೆಯುವುದೂ ಪರಿಶೀಲನೆಯೂ ಸರಿಯಾಗಿ ಮುಗಿದು ಎಲ್‌ಇಡಿ ಮಿನುಗುತ್ತಿದೆ. ಆದರೆ ಅಂದಿನಿಂದ ಡಿಬಗರ್ (ಚಿಪ್ಪಿಗೆ ಪ್ರೋಗ್ರಾಂ ಹಾಕಿ, ಅದನ್ನು ನಿಲ್ಲಿಸಿ ಪರೀಕ್ಷಿಸುವ ಸಾಧನ) ಚಿಪ್ಪನ್ನು ಗುರುತಿಸುತ್ತಲೇ ಇಲ್ಲ. ರೀಸೆಟ್ ಗುಂಡಿ ಒತ್ತಿದರೂ, ವಿದ್ಯುತ್ ತೆಗೆದು ಮತ್ತೆ ಕೊಟ್ಟರೂ ಫಲವಿಲ್ಲ. ಡಿಬಗರಿನಿಂದ ಎಸ್‌ಡಬ್ಲ್ಯುಡಿಐಒ (ಡೇಟಾ), ಎಸ್‌ಡಬ್ಲ್ಯುಸಿಎಲ್‌ಕೆ (ಗಡಿಯಾರ ಸಂಕೇತ), ಗ್ರೌಂಡ್ ಮತ್ತು 3.3 ವೋಲ್ಟ್ ತಂತಿಗಳಷ್ಟೇ ಬಂದಿವೆ. ಚಿಪ್ ಬದಲಿಸುವ ಮೊದಲು ಏನನ್ನು ಪರೀಕ್ಷಿಸಬೇಕು?

ಉತ್ತರ 1

ಎಲ್‌ಇಡಿ ಮಿನುಗುತ್ತಿರುವಾಗ ಚಿಪ್ ಹಾಳಾಗಿದೆ ಎಂದು ಭಾವಿಸಬೇಡಿ. ಡಿಬಗ್ ಸಂಕೇತಗಳು ಬರುವ ಪಿಎ13 ಮತ್ತು ಪಿಎ14 ಪಿನ್‌ಗಳು ರೀಸೆಟ್ ಆದೊಡನೆ ಡಿಬಗರಿಗೇ ಮೀಸಲಾಗಿರುತ್ತವೆ. ಆದರೆ ಆರಂಭದ ಕೋಡು, ಪಿನ್‌ಗಳ ಕೆಲಸವನ್ನು ಬದಲಿಸುವ ಎಎಫ್‌ಐಒ_ಎಂಎಪಿಆರ್ ರಿಜಿಸ್ಟರಿನ ಎಸ್‌ಡಬ್ಲ್ಯುಜೆ_ಸಿಎಫ್‌ಜಿ ಬಿಟ್‌ಗಳಿಗೆ 100 ಎಂದು ಬರೆದರೆ, ಜೆಟ್ಯಾಗ್ ಮತ್ತು ಎಸ್‌ಡಬ್ಲ್ಯುಡಿ ಎಂಬ ಡಿಬಗ್ ಸಂಪರ್ಕಗಳೆರಡೂ ಸ್ಥಗಿತಗೊಂಡು ಆ ಪಿನ್‌ಗಳು ಸಾಮಾನ್ಯ ಪಿನ್‌ಗಳಾಗುತ್ತವೆ. ಪ್ರತಿ ರೀಸೆಟ್‌ನ ನಂತರವೂ ಪ್ರೋಗ್ರಾಂ ಕಣ್ಣು ಮಿಟುಕಿಸುವುದರೊಳಗೆ ಇದನ್ನೇ ಮಾಡುವುದರಿಂದ ಬರಿಯ ಗುಂಡಿಯಿಂದ ಪ್ರಯೋಜನವಾಗದು.

ನಿಮ್ಮಲ್ಲಿ ಇಲ್ಲದಿರುವುದು ಐದನೆಯ ತಂತಿ. ಡಿಬಗರಿನ ರೀಸೆಟ್ ಪಿನ್ನನ್ನು ಬೋರ್ಡಿನ ಎನ್‌ಆರ್‌ಎಸ್‌ಟಿ ಎಂಬ ರೀಸೆಟ್ ಪಿನ್ನಿಗೆ ಜೋಡಿಸಿ, ರೀಸೆಟ್ ಹಿಡಿದಿಟ್ಟುಕೊಂಡೇ ಸಂಪರ್ಕಿಸುವ ಆಯ್ಕೆಯನ್ನು ಬಳಸಿರಿ. ಆಗ ಒಂದು ಆದೇಶವೂ ನಡೆಯುವ ಮೊದಲೇ ಕೋರ್ (ಆದೇಶಗಳನ್ನು ನಡೆಸುವ ಭಾಗ) ನಿಲ್ಲುತ್ತದೆ. ಪ್ರೋಗ್ರಾಂ ಇರುವ ಫ್ಲ್ಯಾಶ್ ಮೆಮೊರಿಯನ್ನು ಅಳಿಸಿ, ಮೇಲಿನ ಬಿಟ್‌ಗಳಿಗೆ 010 ಬರೆಯುವಂತೆ ಕೋಡನ್ನು ತಿದ್ದಿದರೆ ಜೆಟ್ಯಾಗ್ ಮಾತ್ರ ಹೋಗಿ ಎಸ್‌ಡಬ್ಲ್ಯುಡಿ ಉಳಿಯುತ್ತದೆ.

ಉತ್ತರ 2

ಐದನೆಯ ತಂತಿ ಸಿಗದಿದ್ದರೆ, ಚಿಪ್ ಎಲ್ಲಿಂದ ಆರಂಭವಾಗಬೇಕೆಂದು ನಿರ್ಧರಿಸುವ ಬೂಟ್0 ಜಂಪರನ್ನು 1ಕ್ಕೂ ಬೂಟ್1 ಅನ್ನು 0ಗೂ ಇಟ್ಟು ರೀಸೆಟ್ ಒತ್ತಿರಿ. ಚಿಪ್ ತನ್ನೊಳಗಿನ ಬೂಟ್‌ಲೋಡರಿನಿಂದ ಆರಂಭವಾಗಿ ನಿಮ್ಮ ಪ್ರೋಗ್ರಾಂ ಓಡುವುದೇ ಇಲ್ಲ, ಆದ್ದರಿಂದ ಎಸ್‌ಡಬ್ಲ್ಯುಡಿ ತೆರೆದೇ ಇರುತ್ತದೆ. ಅಳಿಸಿದ ಮೇಲೆ ಜಂಪರನ್ನು ಹಿಂದಿನ ಸ್ಥಾನಕ್ಕೆ ತರಬೇಕು. ಹೊಸ ಪ್ರೋಗ್ರಾಂ ಓಡುತ್ತಿಲ್ಲ ಎಂಬ ದೂರಿಗೆ ಹಲವು ಬಾರಿ ಕಾರಣವಾಗುವುದು ಮರೆತ ಈ ಜಂಪರೇ.

ಪ್ರಶ್ನೆ ಕೇಳಿದವರು

ಬೂಟ್0 ವಿಧಾನದಿಂದ ಸಂಪರ್ಕ ಸಿಕ್ಕಿತು, ಇಬ್ಬರಿಗೂ ಧನ್ಯವಾದಗಳು. ಈಗ ಬ್ರೇಕ್‌ಪಾಯಿಂಟಿನಲ್ಲಿ (ಡಿಬಗರ್ ಪ್ರೋಗ್ರಾಂ ನಿಲ್ಲಿಸುವ, ನಾನೇ ಗುರುತಿಸಿದ ಜಾಗದಲ್ಲಿ) ನಿಲ್ಲಿಸಿದರೆ ಸ್ವಲ್ಪ ಹೊತ್ತಿಗೆ ಬೋರ್ಡ್ ತಾನಾಗಿಯೇ ರೀಸೆಟ್ ಆಗುತ್ತಿದೆ. ಇದೂ ಅದೇ ದೋಷದ ಮುಂದುವರಿಕೆಯೇ?

ಉತ್ತರ 1 ಬರೆದವರು

ಅಲ್ಲ, ಇದು ಬೇರೆಯೇ ವಿಷಯ. ನಿಮ್ಮ ಕೋಡು ಸ್ವತಂತ್ರ ವಾಚ್‌ಡಾಗ್ ಅನ್ನು (ಪ್ರೋಗ್ರಾಂ ಸಮಯಕ್ಕೆ ಸರಿಯಾಗಿ ನವೀಕರಿಸದಿದ್ದರೆ ಚಿಪ್ಪನ್ನು ರೀಸೆಟ್ ಮಾಡುವ ಟೈಮರ್) ಆರಂಭಿಸುತ್ತಿದ್ದರೆ, ಅದು ಕೋರ್ ನಿಂತಾಗಲೂ ಚಿಪ್ಪಿನೊಳಗಿನ ಎಲ್‌ಎಸ್‌ಐ ಎಂಬ ಪ್ರತ್ಯೇಕ ಗಡಿಯಾರದಲ್ಲಿ ಎಣಿಸುತ್ತಲೇ ಇರುತ್ತದೆ. ಒಮ್ಮೆ ಆರಂಭಿಸಿದರೆ ರೀಸೆಟ್ ಹೊರತು ಅದನ್ನು ನಿಲ್ಲಿಸಲಾಗದು. ಡಿಬಿಜಿಎಂಸಿಯು_ಸಿಆರ್ ರಿಜಿಸ್ಟರಿನಲ್ಲಿ ಡಿಬಿಜಿ_ಐಡಬ್ಲ್ಯುಡಿಜಿ_ಸ್ಟಾಪ್ ಬಿಟ್ಟನ್ನು 1 ಮಾಡಿದರೆ ಕೋರ್ ನಿಂತಿರುವಷ್ಟು ಹೊತ್ತು ವಾಚ್‌ಡಾಗ್ ಸಹ ನಿಲ್ಲುತ್ತದೆ. ಊಹೆಯನ್ನು ಖಚಿತಪಡಿಸಿಕೊಳ್ಳಲು ರೀಸೆಟ್‌ನ ಕಾರಣ ದಾಖಲಾಗುವ ಆರ್‌ಸಿಸಿ_ಸಿಎಸ್‌ಆರ್ ರಿಜಿಸ್ಟರನ್ನು ಪ್ರೋಗ್ರಾಂ ಆರಂಭದಲ್ಲೇ ಓದಿರಿ: ಐಡಬ್ಲ್ಯುಡಿಜಿಆರ್‌ಎಸ್‌ಟಿಎಫ್ ಬಿಟ್ 1 ಆಗಿದ್ದರೆ ಕಾರಣ ವಾಚ್‌ಡಾಗ್. ಓದಿದ ನಂತರ ಆರ್‌ಎಂವಿಎಫ್ ಬಿಟ್ಟಿನಿಂದ ಈ ಗುರುತುಗಳನ್ನು ಅಳಿಸದಿದ್ದರೆ ಹಳೆಯ ಗುರುತು ಮುಂದಿನ ರೀಸೆಟ್‌ನಲ್ಲೂ ಉಳಿದು ದಾರಿ ತಪ್ಪಿಸುತ್ತದೆ.