ಮಳೆ ಬಂದರೆ ಇಡೀ ಸಾಲಿನ ಬೀದಿದೀಪ ಆರುತ್ತೆ, ದೂರು ಹೇಗೆ ಬರೆಯೋದು?

ಪ್ರಶ್ನೆ: ಏಳು ಕಂಬ ಒಟ್ಟಿಗೇ ಆರುತ್ತವೆ. ಲೈನ್‌ಮನ್ ಬಂದು ಸ್ವಿಚ್ ಎತ್ತಿ ಹೋಗ್ತಾರೆ, ದೂರು ‘ಪರಿಹಾರವಾಗಿದೆ’ ಅಂತ ಮುಚ್ಚುತ್ತೆ. ಮುಂದಿನ ಮಳೆಗೆ ಮತ್ತೆ ಕತ್ತಲು.

ಉತ್ತರ 1: ಒಂದೇ ದೀಪ ಆರಿದರೆ ಬಲ್ಬ್ ಅಥವಾ ಡ್ರೈವರ್ (ಎಲ್‌ಇಡಿ ದೀಪಕ್ಕೆ ಕರೆಂಟ್ ಹದಮಾಡಿ ಕೊಡುವ ಭಾಗ) ಕೆಟ್ಟಿರಬಹುದು. ಸಾಲಿಗೆ ಸಾಲೇ ಆರಿದರೆ ಸಾಮಾನ್ಯವಾಗಿ ಕಂಟ್ರೋಲ್ ಬಾಕ್ಸಿನ ಬ್ರೇಕರ್, ಅಂದರೆ ದೋಷ ಬಂದಾಗ ತಾನಾಗಿ ಕರೆಂಟ್ ಕಡಿಯುವ ಸ್ವಿಚ್, ಬಿದ್ದಿರುತ್ತೆ (ಟ್ರಿಪ್ ಆಗಿರುತ್ತೆ). ಮಳೆಗೆ ಮಾತ್ರ ಬೀಳೋದಾದರೆ, ಯಾವುದೋ ಕಂಬದ ಬುಡದ ಜಾಯಿಂಟಿಗೆ ನೀರು ಇಳಿದು ಕರೆಂಟ್ ಭೂಮಿಗೆ ಸೋರುತ್ತಿದೆ ಅಂತಲೇ ಅನುಮಾನಿಸಬೇಕು. ಸ್ವಿಚ್ ಎತ್ತೋದು ರಿಪೇರಿಯಲ್ಲ. ಸಪ್ಲೈ ತೆಗೆದು, ದೀಪಗಳನ್ನು ಬಿಡಿಸಿ, ಕಂಬದಿಂದ ಕಂಬಕ್ಕೆ ಕೇಬಲ್ಲನ್ನು 500 ವೋಲ್ಟ್ ಮೆಗ್ಗರ್‌ನಿಂದ (ತಂತಿಯ ಹೊದಿಕೆ ಕರೆಂಟ್ ಸೋರದಂತೆ ಎಷ್ಟು ತಡೆಯುತ್ತೆ ಅಂತ ಮೆಗಾಓಮ್‌ನಲ್ಲಿ ತೋರಿಸುವ ಉಪಕರಣ) ಅಳೆಯಬೇಕು. 1 ಮೆಗಾಓಮ್‌ಗಿಂತ ಕಡಿಮೆ ತೋರಿಸಿದ ತುಂಡಿನಲ್ಲೇ ದೋಷ. ನೆಲ ಒದ್ದೆ ಇರುವಾಗಲೇ ಅಳೆಯಲಿ, ಒಣಗಿದ ಮೇಲೆ ಸಿಗೋದು ಕಷ್ಟ.

ಉತ್ತರ 2: ‘ಲೈಟ್ ಇಲ್ಲ’ ಅಂತ ಬರೆಯಬೇಡಿ. ಮೊದಲ ಮತ್ತು ಕೊನೆಯ ಕಂಬದ ಸಂಖ್ಯೆ, ಆರಿದ ಹೊತ್ತು, ಹಿಂದೆ ಮುಚ್ಚಿದ ದೂರುಗಳ ನೋಂದಣಿ ಸಂಖ್ಯೆ ಹಾಕಿ, ‘ಮಳೆಗೆ ಪದೇಪದೇ ಟ್ರಿಪ್, ಕೇಬಲ್ ಪರೀಕ್ಷೆ ಬೇಕು’ ಅನ್ನಿ. ಆಗ ಮೆಗ್ಗರ್ ಹಿಡಿದು ಬರ್ತಾರೆ.

ಉತ್ತರ 3: ಬುಡದ ಮುಚ್ಚಳ ಕಿತ್ತು ತಂತಿ ಕಾಣ್ತಿದ್ದರೆ ಅದು ದೀಪದ ದೂರಲ್ಲ, ಜೀವದ ಅಪಾಯ. ತುರ್ತು ಸಂಖ್ಯೆಗೇ ಫೋನ್ ಮಾಡಿ. ಕಂಬವನ್ನಾಗಲಿ ಅದಕ್ಕೆ ತಾಗಿದ ಕಬ್ಬಿಣದ ಬೇಲಿಯನ್ನಾಗಲಿ ಮುಟ್ಟಬೇಡಿ, ಸುತ್ತ ನಿಂತ ನೀರಿಗೂ ಕಾಲಿಡಬೇಡಿ. ದೀಪ ಆರಿದೆ ಅಂದಮಾತ್ರಕ್ಕೆ ಕರೆಂಟ್ ಇಲ್ಲ ಅಂತಲ್ಲ.